ಪಾಪಚ್ಚಿಯ ಮೊಲ, ಮದ್ದೂರಿನ ಮಕ್ಕಳು

ಮದ್ದೂರಿನ ಹತ್ತಿರ ಶಿಂಷಾ ದಡದ ಹಳ್ಳಿಯೊಂದರಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಸಂಜೆ ಹೊತ್ತು ಜಗಲಿ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಕಥೆ ಓದುತ್ತಾರೆಂದು ಕೇಳಿ ಹೋಗಿದ್ದೆ. ಅವರ ಕೈಯಲ್ಲಿದ್ದ ಪುಸ್ತಕ ಕಂಡು ಮೈ ಜುಂ ಎಂದಿತು: ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’. ರಕ್ಷಾಪುಟವಿಲ್ಲ. ಬೆನ್ನಿಗೆ ದಬ್ಬಣದಲ್ಲಿ ಗೋಣಿದಾರದ ಹೊಲಿಗೆ ಬಿದ್ದಿದೆ. ಲೂಯಿಸ್ ಕ್ಯಾರಲ್‌ನ ಆಲಿಸ್ ನಮ್ಮ ಪಾಪಚ್ಚಿಯಾದ ಈ ಪುಸ್ತಕಕ್ಕಾಗಿ ಹಳೇ ಪುಸ್ತಕದಂಗಡಿಗಳನ್ನೆಲ್ಲ ಜಾಲಾಡಿದ್ದೆ.

ಮೊಲದ ಹಿಂದೆ ಓಡಿದ ಹುಡುಗಿ ಬಿಲಕ್ಕೆ ಬಿದ್ದಳೋ ಇಲ್ಲವೋ, ಒಬ್ಬ ಹುಡುಗ ಎದ್ದು ನಿಂತ. “ಮೊಲ ಬಿಲ ತೋಡಾಕಿಲ್ಲ ಮಿಸ್, ಪೊದೇಲಿ ಮನಿಕೊತ್ತದೆ.”

ಅವನ ಮಾತು ದಿಟ. ಕಬ್ಬು ಕಡಿಯುವಾಗ ಕೊನೇ ಸಾಲಿನಿಂದ ಚಂಗನೆ ಹಾರುವ ನಮ್ಮ ಮೊಲ ಹುಲ್ಲೊತ್ತಿ ಗುಳಿ ಮಾಡಿಕೊಂಡು ಮಲಗುತ್ತದೆ. ಅದರ ಮರಿಗಳು ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತವೆ, ಮೈತುಂಬ ಕೂದಲಿರುತ್ತದೆ. ಬಿಲ ತೋಡುವುದು ಇಂಗ್ಲೆಂಡಿನ ಬೇರೆ ಜಾತಿ. ಅದರ ಮರಿಗಳಿಗೆ ಹುಟ್ಟಿದಾಗ ಕಣ್ಣಿಲ್ಲ, ಕೂದಲಿಲ್ಲ. ನೆಲದಡಿಯ ಆಸರೆ ಬೇಕೇ ಬೇಕು. ಶಿಕ್ಷಕಿ ಗದರಲಿಲ್ಲ. “ಇದು ಸೀಮೆ ಮೊಲ ಕಣಪ್ಪ” ಎಂದರು. ಹಂಗಾದ್ರೆ ಎಷ್ಟು ಆಳ ತೋಡ್ತದೆ, ಹಾವು ನುಗ್ಗಲ್ವಾ ಎಂದು ಪ್ರಶ್ನೆ ಮೇಲೆ ಪ್ರಶ್ನೆ. ಅಷ್ಟು ಹೊತ್ತೂ ಪಾಪಚ್ಚಿ ಬೀಳುತ್ತಲೇ ಇದ್ದಳು.

ಈ ಕಥೆ ಹುಟ್ಟಿದ್ದೂ ಮಕ್ಕಳ ಎದುರಿಗೇ. 1862ರ ಜುಲೈ 4ರಂದು ಆಕ್ಸ್‌ಫರ್ಡ್‌ನ ಗಣಿತದ ಮೇಷ್ಟ್ರು ಚಾರ್ಲ್ಸ್ ಡಾಡ್ಜ್‌ಸನ್ ದೋಣಿಯಲ್ಲಿ ಲಿಡೆಲ್ ಮನೆಯ ಮೂವರು ಹುಡುಗಿಯರಿಗೆ ಹೇಳಿದ್ದು ಇದನ್ನು. ಬರೆದುಕೊಡಿ ಎಂದು ಹಟ ಹಿಡಿದವಳು ಆಲಿಸ್. ಕ್ಯಾರಲ್ ಎಂಬ ಹೆಸರಿನಲ್ಲಿ 1865ರಲ್ಲಿ ಅಚ್ಚಾದಾಗ, ಚಿತ್ರಗಳು ಸರಿಯಾಗಿ ಮೂಡಿಲ್ಲವೆಂದು ಚಿತ್ರಗಾರ ಜಾನ್ ಟೆನಿಯಲ್ ತಕರಾರು ತೆಗೆದರು. 2000 ಪ್ರತಿಗಳ ಆ ಮುದ್ರಣವನ್ನೇ ಕ್ಯಾರಲ್ ಹಿಂದಕ್ಕೆ ಪಡೆದರು. ಕನ್ನಡಿಯಾಚೆಯ ಎರಡನೇ ಕಥೆ ಬಂದದ್ದು 1871ರಲ್ಲಿ. 

ಕ್ಯಾರಲ್ ತೀರಿಕೊಂಡದ್ದು 1898ರ ಜನವರಿ 14ರಂದು. ಅದಕ್ಕೆ 20 ದಿನ ಮೊದಲು, 1897ರ ಡಿಸೆಂಬರ್ 25ರಂದು, ಕೇರಳದ ತ್ರಿಪ್ಪುಣಿತ್ತುರದಲ್ಲಿ ಕಸ್ತೂರಿ ಹುಟ್ಟಿದರು. ಮನೆಮಾತು ಮಲಯಾಳಂ. ಮೈಸೂರಿಗೆ ಮೇಷ್ಟ್ರಾಗಿ ಬಂದವರು ಕನ್ನಡ ಕಲಿತು, ‘ಕೊರವಂಜಿ’ ಹಾಸ್ಯಪತ್ರಿಕೆಗೆ ಬರೆದು, ‘ಅನರ್ಥಕೋಶ’ವೆಂಬ ನಗೆ ನಿಘಂಟು ಕೊಟ್ಟರು. ಕಲಿತ ಭಾಷೆಯಲ್ಲಿ ಓದುಗರನ್ನು ನಗಿಸುವುದೆಂದರೆ ಸಾಮಾನ್ಯವೇ? ಕಸ್ತೂರಿ ಎಂದೊಡನೆ ಎಲ್ಲರೂ ‘ಅನರ್ಥಕೋಶ’ವನ್ನೇ ನೆನೆಯುತ್ತಾರೆ, ನನ್ನ ಮಟ್ಟಿಗೆ ಮೊದಲು ಮರುಮುದ್ರಣವಾಗಬೇಕಾದ್ದು ಪಾಪಚ್ಚಿ. ಟೆನಿಯಲ್ 1914ರಲ್ಲೇ ತೀರಿಕೊಂಡವರು, ಆ ಚಿತ್ರಗಳನ್ನು ಬಳಸಲು ಈಗ ಹಕ್ಕುಸ್ವಾಮ್ಯದ ತೊಡಕಿಲ್ಲ. ಕಸ್ತೂರಿಯವರ ಹಕ್ಕುದಾರರನ್ನು ಕಂಡು ಒಪ್ಪಿಗೆ ಪಡೆದು, ದಪ್ಪ ಅಕ್ಷರದಲ್ಲಿ, ಹಳ್ಳಿ ಶಾಲೆಗೆ ಎಟಕುವ ಬೆಲೆಯಲ್ಲಿ ಯಾರಾದರೂ ಪ್ರಕಾಶಕರು ಇದನ್ನು ತರಬೇಕು.