ಅಭಿಮಾನಿ ಹಿಂಬಾಲಿಸತೊಡಗಿದಾಗ...

ಕೆಲವು ಹಾಡುಗಳು ಮೊದಲು ಕಾಲಿಗೆ ತಲುಪುತ್ತವೆ, ತಲೆಗೆ ಆಮೇಲೆ. ಅಮೆರಿಕದ ಗಾಯಕಿ ಲೇಡಿ ಗಾಗಾ ಅವರ ‘ಪಾಪರಾಜಿ’ ನನ್ನ ಪಾಲಿಗೆ ಅಂಥದ್ದೊಂದು ಹಾಡು. ನಾನು ಡಿಗ್ರಿ ಓದುವಾಗ ಹಾಸ್ಟೆಲ್ ಡೇ ಡ್ಯಾನ್ಸ್‌ಗೆ ನಮ್ಮ ಸೀನಿಯರ್‌ಗಳು ಇದನ್ನು ಆರಿಸಿಕೊಂಡಿದ್ದರು. ಒಂದು ವಾರವಿಡೀ ಕಾರಿಡಾರ್‌ನಲ್ಲಿ ಅದೇ ಬೀಟ್. ಬಕೆಟ್ ಹಿಡಿದು ಸ್ನಾನಕ್ಕೆ ಕ್ಯೂ ನಿಂತವರೂ ಭುಜ ಕುಣಿಸುತ್ತಿದ್ದರು. ಅದೊಂದು ಲವ್ ಸಾಂಗ್ ಅಂತಲೇ ಎಲ್ಲರ ಲೆಕ್ಕ. ಸಮಾಧಾನವಾಗಿ ಕೂತು ಸಾಹಿತ್ಯಕ್ಕೆ ಕಿವಿಗೊಟ್ಟರೆ ಮಾತ್ರ ಬೇರೆಯೇ ವಿಷಯ ಗೊತ್ತಾಗುತ್ತದೆ. ಅಲ್ಲಿ ಹಾಡುತ್ತಿರುವುದು ಬರೀ ಪ್ರೇಮಿಯಲ್ಲ, ಬೆನ್ನು ಬಿಡದ ಅಭಿಮಾನಿ.

ಪಾಪರಾಜಿ ಅಂದರೆ ಸೆಲೆಬ್ರಿಟಿಗಳ ಬೆನ್ನು ಹತ್ತಿ ಫೋಟೊ ತೆಗೆಯುವವರು. ಇಟಲಿಯ ನಿರ್ದೇಶಕ ಫೆಡೆರಿಕೊ ಫೆಲಿನಿ ಅವರ ‘ಲಾ ಡೊಲ್ಚೆ ವೀಟಾ’ (1960) ಸಿನಿಮಾದಲ್ಲಿ ಪಾಪರಾಜೊ ಎಂಬ ಫೋಟೊಗ್ರಾಫರ್ ಪಾತ್ರವಿತ್ತು. ಆ ಹೆಸರೇ ಮುಂದೆ ಇಡೀ ಕಸುಬಿಗೆ ಅಂಟಿಕೊಂಡಿತು. ಗಾಗಾ ಅವರ ಮೊದಲ ಆಲ್ಬಂ ‘ದ ಫೇಮ್’ 2008ರಲ್ಲಿ ಬಂತು. ಅದರಲ್ಲಿದ್ದ ಈ ಹಾಡು 2009ರಲ್ಲಿ ಸಿಂಗಲ್ ಆಗಿ ಬಿಡುಗಡೆಯಾಯಿತು. ಗಾಗಾ ಮತ್ತು ರಾಬ್ ಫುಸಾರಿ ಸೇರಿ ಬರೆದ ಎಲೆಕ್ಟ್ರಾನಿಕ್ ಪಾಪ್ ಗೀತೆ ಅದು. ಆಗ ಗಾಗಾಗೆ 23 ವರ್ಷ. ಹೆಚ್ಚೂ ಕಡಿಮೆ ಈ ಪುಟ ಓದುವ ನಮ್ಮ ನಿಮ್ಮ ವಯಸ್ಸು.

ಹಾಡಿನೊಳಗಿನ ಹುಡುಗಿ ಕ್ಯಾಮೆರಾ ಹಿಡಿದವರ ಹಾಗೆ ತನ್ನ ಇಷ್ಟದ ತಾರೆಯ ಹಿಂದೆ ಬೀಳುತ್ತಾಳೆ. ಅವನು ಒಲಿಯುವವರೆಗೂ ಬಿಡುವುದಿಲ್ಲ ಅನ್ನುತ್ತಾಳೆ. ತನ್ನಿಂದ ಏನೂ ತೊಂದರೆಯಿಲ್ಲ ಎಂಬಂಥ ಭರವಸೆ ಬೇರೆ! ಇದನ್ನೇ ಯಾರಾದರೂ ರಾತ್ರಿ ಹತ್ತಕ್ಕೆ ಬಸ್ ಸ್ಟಾಪಿನಲ್ಲಿ ನಿಂತು ಹೇಳಿದರೆ ನಾವು ಅಲ್ಲಿಂದ ಓಡುತ್ತೇವೆ. ಆದರೆ ಸಿಂಥಸೈಸರ್‌ನ ಸಿಹಿ ಟ್ಯೂನಿನಲ್ಲಿ ಬಂದಾಗ ಹೆದರಿಕೆ ಆಗುವುದಿಲ್ಲ, ನಾವೂ ದನಿಗೂಡಿಸುತ್ತೇವೆ. ಹಾಡಿನ ಜಾಣತನ ಇರುವುದು ಅಲ್ಲೇ. ಹಿಂದೆ ಬಿದ್ದವರಿಗೆ ತಾವು ಕಾಟ ಕೊಡುತ್ತಿದ್ದೇವೆ ಅಂತ ಅನಿಸುವುದೇ ಇಲ್ಲ, ಪ್ರೀತಿಸುತ್ತಿದ್ದೇವೆ ಅಂತಲೇ ಅವರ ನಂಬಿಕೆ.

ತಾರೆಯರನ್ನೂ ಗಾಗಾ ಸುಮ್ಮನೆ ಬಿಟ್ಟಿಲ್ಲ. ಯೊನಾಸ್ ಓಕರ್‌ಲುಂಡ್ ನಿರ್ದೇಶಿಸಿದ ವಿಡಿಯೊದಲ್ಲಿ ಪ್ರಿಯಕರನೇ ನಾಯಕಿಯನ್ನು ಬಾಲ್ಕನಿಯಿಂದ ತಳ್ಳುತ್ತಾನೆ. ಕೆಳಗೆ ಬಿದ್ದವಳನ್ನು ಎತ್ತುವುದು ಬಿಟ್ಟು ಫೋಟೊಗ್ರಾಫರ್‌ಗಳು ಕ್ಲಿಕ್ಕಿಸುತ್ತಾರೆ. ಗಾಲಿಕುರ್ಚಿಯಲ್ಲಿ ಮರಳುವ ಅವಳು ಅವನಿಗೆ ವಿಷ ಹಾಕುತ್ತಾಳೆ, ಜೈಲಿಗೆ ಹೋಗುವಾಗಲೂ ಕ್ಯಾಮೆರಾಗೆ ಪೋಸ್ ಕೊಡುತ್ತಾಳೆ! ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನ ಎಂಟಿವಿ ಪ್ರಶಸ್ತಿ ಸಮಾರಂಭದಲ್ಲಿ ಈ ಹಾಡು ಹಾಡುತ್ತಾ ಹಾಡುತ್ತಾ ಗಾಗಾ ಮೈತುಂಬ ನಕಲಿ ರಕ್ತ ಬಳಿದುಕೊಂಡರು. ಜನ ಚಪ್ಪಾಳೆ ತಟ್ಟಿದರು. ನೋಡುವವರಿಗೂ ನೋಡಿಸಿಕೊಳ್ಳುವವರಿಗೂ ಒಂದೇ ಹಸಿವು ಅಂತ ಅವರು ಹೇಳಿದಂತಿತ್ತು.

ಇದೆಲ್ಲ ಬರೀ ಶೋ ಅಂದುಕೊಳ್ಳಬೇಡಿ. 1980ರ ಡಿಸೆಂಬರ್ 8ರಂದು ಬೀಟಲ್ಸ್ ಖ್ಯಾತಿಯ ಜಾನ್ ಲೆನನ್ ಅವರನ್ನು ನ್ಯೂಯಾರ್ಕ್‌ನ ಅವರ ಮನೆಯೆದುರೇ ಗುಂಡಿಟ್ಟು ಕೊಂದವನು, ಅದೇ ದಿನ ಸಂಜೆ ಅವರಿಂದ ಆಲ್ಬಂ ಮೇಲೆ ಆಟೊಗ್ರಾಫ್ ಹಾಕಿಸಿಕೊಂಡಿದ್ದ. 1996ರಲ್ಲಿ ಐಸ್‌ಲ್ಯಾಂಡಿನ ಗಾಯಕಿ ಬ್ಯೋರ್ಕ್ ಅವರ ಮೇಲಿನ ಹುಚ್ಚಿನಲ್ಲಿ ಅಮೆರಿಕದ 21 ವರ್ಷದ ಯುವಕನೊಬ್ಬ ಲಂಡನ್‌ಗೆ ಅಪಾಯಕಾರಿ ಪಾರ್ಸೆಲ್ ಕಳಿಸಿದ. ಪೊಲೀಸರು ಅದನ್ನು ಮಧ್ಯದಲ್ಲೇ ತಡೆದರು. ಆ ಹೊತ್ತಿಗೆ ಆತ ತನ್ನ ಜೀವವನ್ನೇ ಕಳೆದುಕೊಂಡಿದ್ದ. ಅವಳ ಬಗ್ಗೆ ನೂರಾರು ಪುಟ ಡೈರಿ ಬರೆದಿದ್ದ. ಒಮ್ಮೆಯೂ ಭೇಟಿಯಾಗದ ಒಬ್ಬಳಿಗಾಗಿ ಅಷ್ಟು ಪುಟ, ಅಷ್ಟು ರಾತ್ರಿ, ಒಂದು ಇಡೀ ಬದುಕು.

ಭೇಟಿಯೇ ಆಗದವರು ಇಷ್ಟು ಹತ್ತಿರದವರು ಅನಿಸುವುದು ಹೇಗೆ? ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಸಂಶೋಧಕರು 1956ರಲ್ಲೇ ಈ ಬಗ್ಗೆ ಬರೆದಿದ್ದಾರೆ. ಟಿವಿಯಲ್ಲಿ ನಿರೂಪಕ ಕ್ಯಾಮೆರಾ ನೋಡಿ ಮಾತಾಡಿದರೆ, ಮನೆಯಲ್ಲಿ ಕೂತವನಿಗೆ ಅವನು ತನ್ನೊಬ್ಬನ ಜೊತೆಗೇ ಮಾತಾಡಿದಂತೆ ಅನಿಸುತ್ತದೆ. ಇವನಿಗೆ ಅವನ ಬಗ್ಗೆ ಎಲ್ಲ ಗೊತ್ತು, ಅವನಿಗೆ ಇವನಿದ್ದಾನೆ ಅಂತಲೇ ಗೊತ್ತಿಲ್ಲ. ಒಂದೇ ಕಡೆಯ ಈ ನಂಟಿಗೆ ಅವರು ‘ಪ್ಯಾರಾಸೋಷಿಯಲ್’ ಎಂಬ ಹೆಸರಿಟ್ಟರು. ಆಗ ಇದ್ದದ್ದು ನಡುಮನೆಯ ಟಿವಿ ಮಾತ್ರ. ಈಗ ಗಾಯಕರು ನಡುರಾತ್ರಿ ಲೈವ್ ಬರುತ್ತಾರೆ, ಊಟ ಮಾಡುವುದನ್ನೂ ತೋರಿಸುತ್ತಾರೆ. ನಾವು ದಿಂಬಿನ ಮೇಲೆ ಫೋನಿಟ್ಟುಕೊಂಡು ನೋಡುತ್ತೇವೆ. ನಂಟು ಗಟ್ಟಿಯಾದಷ್ಟೂ ವ್ಯೂಸ್, ಟಿಕೆಟ್, ಆಲ್ಬಂ ಎಲ್ಲವೂ ಓಡುತ್ತವೆ. ಹಾಗಾಗಿ ಅದನ್ನು ಸಡಿಲಿಸಲು ಕಂಪನಿಗಳಿಗೂ ಮನಸ್ಸಿಲ್ಲ.

ಇದರ ಬಿಸಿ ತಟ್ಟುವುದು ಕಲಾವಿದರಿಗೆ. ಬಿಟಿಎಸ್ ತಂಡದ ಜಂಗ್‌ಕುಕ್ 2023ರಲ್ಲಿ, ದಯವಿಟ್ಟು ನನ್ನ ಮನೆಗೆ ಊಟ ಕಳಿಸಬೇಡಿ ಎಂದು ಅಭಿಮಾನಿಗಳನ್ನು ಕೇಳಿಕೊಳ್ಳಬೇಕಾಯಿತು. ಊಟ ಕಳಿಸುವುದು ತಪ್ಪೇ ಅಂತ ಕೇಳಬಹುದು. ಮನೆ ವಿಳಾಸ ಸಿಕ್ಕಿದ್ದು ಹೇಗೆ ಅನ್ನುವುದು ಅದಕ್ಕಿಂತ ಮೊದಲಿನ ಪ್ರಶ್ನೆ. 2024ರಲ್ಲಿ ದಿಢೀರ್ ಖ್ಯಾತಿಗೆ ಬಂದ ಅಮೆರಿಕದ ಪಾಪ್ ಗಾಯಕಿ ಚಾಪೆಲ್ ರೋನ್, ತನ್ನ ಹಾಗೂ ತನ್ನ ಕುಟುಂಬದ ಬೆನ್ನು ಬೀಳುವ ಅಭಿಮಾನಿಗಳ ವಿರುದ್ಧ ವಿಡಿಯೊ ಮಾಡಿ ಖಡಕ್ಕಾಗಿ ಮಾತಾಡಿದರು. ಹಲವರು ಬೆಂಬಲಿಸಿದರು. ಫೇಮಸ್ ಆದಮೇಲೆ ಇದನ್ನೆಲ್ಲ ಸಹಿಸಿಕೊಳ್ಳಬೇಕಪ್ಪ ಅಂತ ಮೂಗು ಮುರಿದವರೂ ಇದ್ದರು.

ಈ ‘ಸಹಿಸಿಕೊಳ್ಳಬೇಕಪ್ಪ’ ಅನ್ನುವ ಮಾತು ನನಗೆ ಚುಚ್ಚುವುದಕ್ಕೆ ಕಾರಣವಿದೆ. ನನ್ನ ಗೆಳತಿಯೊಬ್ಬಳು ಚೆನ್ನಾಗಿ ಹಾಡುತ್ತಾಳೆ. ಬ್ಯಾಂಕ್ ಪರೀಕ್ಷೆಗೆ ಓದುತ್ತಾ, ಬಿಡುವಾದಾಗ ಪಿಜಿಯ ಟೆರೇಸ್ ಮೇಲೆ ಭಾವಗೀತೆ ಹಾಡಿ ರೀಲ್ಸ್ ಹಾಕುತ್ತಿದ್ದಳು. ಫೋನ್ ಹಿಡಿಯುವ ಕೆಲಸ ನನ್ನದು. ಒಂದು ರೀಲ್ ಇದ್ದಕ್ಕಿದ್ದಂತೆ ಓಡಿತು. ಎರಡು ಲಕ್ಷ ದಾಟಿದ ದಿನ ನಾವು ಗೋಬಿ ತಿಂದು ಸಂಭ್ರಮಿಸಿದೆವು. ಕಮೆಂಟುಗಳ ನಡುವೆ ಒಬ್ಬ ‘ದೊಡ್ಡ ಅಭಿಮಾನಿ’ ಇದ್ದ. ಮೊದಲು ಹಾರ್ಟು, ಆಮೇಲೆ ದಿನಾ ಗುಡ್ ಮಾರ್ನಿಂಗ್. ಒಂದು ದಿನ ‘ನಿನ್ನೆ ಹಳದಿ ಚೂಡಿದಾರ್ ಚೆನ್ನಾಗಿತ್ತು’ ಅಂತ ಮೆಸೇಜು. ಹಳದಿ ಚೂಡಿದಾರ್‌ನಲ್ಲಿ ಅವಳು ಯಾವ ವಿಡಿಯೊವನ್ನೂ ಹಾಕಿರಲಿಲ್ಲ.

ವಾರದೊಳಗೆ ಆತ ಕೋಚಿಂಗ್ ಸೆಂಟರ್ ಹತ್ತಿರದ ಬಸ್ ಸ್ಟಾಪಿನಲ್ಲಿ ಗಿಫ್ಟ್ ಹಿಡಿದು ನಿಂತಿದ್ದ. ಅವಳು ಬೇಡ ಅಂದಳು. ನಯವಾಗಿಯೇ ಅಂದಳು. ಅವತ್ತು ರಾತ್ರಿಯಿಂದ ಮೇಡಂ ಹೋಗಿ ಏಕವಚನ ಬಂತು. ‘ನಾವು ಲೈಕ್ ಕೊಟ್ಟಿದ್ದಕ್ಕೇ ನೀನು ಮೇಲೆ ಬಂದಿದ್ದು’ ಅನ್ನುವ ಹಂಗಿನ ಮಾತೂ ಬಂತು. ಅವಳು ಸ್ಕ್ರೀನ್‌ಶಾಟ್ ಎಲ್ಲ ತೆಗೆದಿಟ್ಟುಕೊಂಡು, ಅಣ್ಣನನ್ನು ಕರೆದುಕೊಂಡು ಹೋಗಿ ದೂರು ಕೊಟ್ಟಳು. ಪೊಲೀಸರು ಕರೆಸಿದ ಮೇಲೆ ಅವನು ನಿಲ್ಲಿಸಿದ. ನಿಂತಿದ್ದು ಅವನ ಕಾಟ ಮಾತ್ರವಲ್ಲ, ಅವಳ ಹಾಡೂ ನಿಂತಿತು. ಮನೆಯಲ್ಲಿ ‘ಇದೆಲ್ಲ ಯಾಕೆ ಬೇಕಿತ್ತು’ ಅಂದರು. ಅಕೌಂಟ್ ಡಿಲೀಟ್ ಆಯಿತು. ಒಬ್ಬನ ‘ಅಭಿಮಾನ’ದಿಂದಾಗಿ ಅವಳನ್ನು ಸುಮ್ಮನೆ ಕೇಳಿ ಖುಷಿಪಡುತ್ತಿದ್ದ ಸಾವಿರಾರು ಜನಕ್ಕೆ ಆ ದನಿ ಇಲ್ಲವಾಯಿತು.

ಫ್ರೆಂಡ್ಸ್, ಇದು ಸಣ್ಣ ವಿಷಯವಲ್ಲ ಅಂತ ಕಾನೂನೂ ಹೇಳುತ್ತದೆ. ಹೆಣ್ಣುಮಗಳೊಬ್ಬಳು ಇಷ್ಟವಿಲ್ಲ ಎಂದು ಸ್ಪಷ್ಟಪಡಿಸಿದ ಮೇಲೂ ಪದೇ ಪದೇ ಹಿಂಬಾಲಿಸುವುದು, ಸಂಪರ್ಕಿಸುವುದು, ಇಂಟರ್ನೆಟ್‌ನಲ್ಲಿ ಅವಳ ಚಲನವಲನದ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 78ರಡಿ ಅಪರಾಧ. ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಕೆಲಸಕ್ಕೆ ಅರ್ಜಿ ಹಾಕುತ್ತಾ ಓಡಾಡುತ್ತಿರುವ ನಮ್ಮ ವಯಸ್ಸಿನವರ ಮೇಲೆ ಇಂಥದ್ದೊಂದು ಕೇಸ್ ಬಿದ್ದರೆ ಮುಂದೇನು ಅಂತ ಹುಡುಗರು ಯೋಚಿಸಿ ನೋಡಲಿ.

ಹಾಗಂತ ಫ್ಯಾನ್ ಆಗುವುದೇ ತಪ್ಪು ಅನ್ನುವವಳು ನಾನಲ್ಲ. ರಿಸಲ್ಟ್ ಕೈಕೊಟ್ಟ ದಿನ, ಇಂಟರ್‌ವ್ಯೂ ಮುಗಿಸಿ ಖಾಲಿ ಕೈಯಲ್ಲಿ ಬಸ್ ಹತ್ತಿದ ದಿನ, ಇಯರ್‌ಫೋನ್‌ನಲ್ಲಿ ಜೊತೆಗಿದ್ದವರು ಈ ಹಾಡುಗಾರರೇ. ಆ ಋಣ ದೊಡ್ಡದು. ಇಂಗ್ಲಿಷಿನ ‘ಫ್ಯಾನ್’ ಹುಟ್ಟಿದ್ದು ಮತಿಮೀರಿದ ಆವೇಶದವರನ್ನು ಸೂಚಿಸುವ ‘ಫೆನೆಟಿಕ್’ ಪದದಿಂದ. ನಮ್ಮ ‘ಅಭಿಮಾನಿ’ ಅದಕ್ಕಿಂತ ಚೆಂದದ ಪದ. ಅದರೊಳಗೆ ‘ಮಾನ’ ಇದೆ. ಮೆಚ್ಚಿದವರ ಮಾನ, ಮೆಚ್ಚುವವರ ಮಾನ, ಎರಡನ್ನೂ ಕಾಯಬೇಕು. ಡಾ. ರಾಜ್‌ಕುಮಾರ್ ‘ಅಭಿಮಾನಿ ದೇವರುಗಳೇ’ ಎಂದು ಕರೆಯುತ್ತಿದ್ದದ್ದು ನಮಗೆಲ್ಲ ಗೊತ್ತು. ದೇವರು ಅನಿಸಿಕೊಂಡವರು ಕಾಂಪೌಂಡ್ ಹಾರುವುದಿಲ್ಲ, ಇದ್ದಲ್ಲಿಂದಲೇ ಹರಸುತ್ತಾರೆ.

ಹಾಡು ಕೇಳಿ, ಟಿಕೆಟ್ ತಗೊಂಡು ಶೋಗೆ ಹೋಗಿ, ಗಂಟಲು ಕಟ್ಟುವವರೆಗೆ ಕೂಗಿ. ಗ್ರೂಪಿನಲ್ಲಿ ಯಾರಾದರೂ ಗಾಯಕರ ಮನೆ ವಿಳಾಸ, ಗಾಡಿ ನಂಬರ್ ಹಾಕಿದರೆ ‘ತೆಗಿಯೋ ಮಾರಾಯ’ ಅನ್ನುವ ಮೊದಲ ದನಿ ನಿಮ್ಮದಾಗಲಿ. ನಿಮ್ಮ ಕ್ಲಾಸಿನಲ್ಲೇ ಹಾಡುವ ಹುಡುಗಿ ಇದ್ದರೆ ಚಪ್ಪಾಳೆ ತಟ್ಟಿ, ಚೆನ್ನಾಗಿತ್ತು ಅನ್ನಿ, ಆಮೇಲೆ ಅವಳ ಪಾಡಿಗೆ ಅವಳನ್ನು ಬಿಡಿ. ನಾಳೆಯೂ ಅವಳು ಹಾಡಬೇಕಲ್ಲ!