ಮಡಿಯೋ, ಗೀಳೋ?

ಪ್ರಶ್ನೆ: ನಮ್ಮ ಅತ್ತಿಗೆ ಕೈ ತೊಳೆಯಲು ನಿಂತರೆ ಅರ್ಧ ಗಂಟೆ. ಮನೆಯವರು ‘ಮಡಿ ಜಾಸ್ತಿ’ ಎಂದು ನಗುತ್ತಾರೆ. ಇದು ಕಾಯಿಲೆಯೇ?

ಉತ್ತರ: ಮಡಿಗೆ ಒಂದು ಕೊನೆಯಿದೆ. ಸ್ನಾನವಾಯಿತು, ಪೂಜೆ ಮುಗಿಯಿತು, ಮನಸ್ಸು ಹಗುರವಾಯಿತು. ಗೀಳಿಗೆ ಆ ಕೊನೆಯೇ ಇಲ್ಲ. ‘ಇನ್ನೂ ಕೊಳೆ ಉಳಿದಿದೆ’ ಎಂಬ ಯೋಚನೆ ಬೇಡವೆಂದರೂ ನುಗ್ಗುತ್ತದೆ. ತೊಳೆದರೆ ಗಳಿಗೆ ಹೊತ್ತು ನೆಮ್ಮದಿ, ಮತ್ತೆ ಅದೇ ಅನುಮಾನ. ಆ ಗಳಿಗೆಯ ನೆಮ್ಮದಿಯೇ ಗೀಳಿಗೆ ಗೊಬ್ಬರ. ಇದು ಅತಿಯೆಂದು ಸಾಮಾನ್ಯವಾಗಿ ಅವರಿಗೂ ಗೊತ್ತು, ತಡೆಯಲಾಗದು, ಅಷ್ಟೇ. ಕೆಲವರಿಗೆ ಇದು ಬೀಗ, ಗ್ಯಾಸ್ ಪದೇ ಪದೇ ನೋಡುವ ರೂಪದಲ್ಲಿ ಕಾಡುತ್ತದೆ. ಕೆಲವರಿಗೆ ದೇವರ ಮುಂದೆ ನಿಂತಾಗಲೇ ಕೆಟ್ಟ ಯೋಚನೆ.

ದಿನಕ್ಕೆ ಗಂಟೆಗೂ ಹೆಚ್ಚು ಹೊತ್ತು ಇದಕ್ಕೇ ಹೋಗುತ್ತಿದ್ದರೆ, ಕೆಲಸ ಕೆಡುತ್ತಿದ್ದರೆ, ಓಸಿಡಿ ಎಂಬ ಗೀಳು ಕಾಯಿಲೆ ಇರಬಹುದು, ಮನೋವೈದ್ಯರಿಗೆ ತೋರಿಸಿ. ಫ್ಲುಆಕ್ಸೆಟೀನ್‌ನಂಥ ಮಾತ್ರೆಗಳಿವೆ, ಅವುಗಳ ಪೂರ್ತಿ ಪರಿಣಾಮ ಕಾಣಲು 8ರಿಂದ 12 ವಾರ ಬೇಕು, ನಡುವೆ ತಾವಾಗಿಯೇ ಬಿಡಬಾರದು. ಜೊತೆಗೆ ವರ್ತನೆಯ ಚಿಕಿತ್ಸೆ: ಚಪ್ಪಲಿ ಮುಟ್ಟಿ, ಕೈ ತೊಳೆಯದೆ ಕುಳಿತಿರುವುದನ್ನು ಚಿಕಿತ್ಸಕರ ನೆರವಿನಿಂದ ಮೆಲ್ಲಮೆಲ್ಲನೆ ಕಲಿಯುವುದು. ತೊಳೆಯದಿದ್ದರೂ ಆತಂಕ ತಾನಾಗಿ ಇಳಿಯುತ್ತದೆಂದು ಮನಸ್ಸು ಅರಿಯುತ್ತದೆ.

ಮನೆಯವರು ಗದರಬೇಡಿ, ನಗಬೇಡಿ. ‘ಕೈ ಶುಭ್ರವಾಗಿದೆ’ ಎಂದು ನೂರು ಸಲ ಭರವಸೆಯನ್ನೂ ಕೊಡಬೇಡಿ. ಅದೂ ಗೀಳಿಗೇ ಆಹಾರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಕ್ಲಿನಿಕ್ ಇದೆ. ದೂರದ ಊರಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.