ತಲಕಾಡು ಮರಳಾದದ್ದು ಹೇಗೆ?

ಮೈಸೂರಿನಿಂದ ತಿರುಮಕೂಡಲು ನರಸೀಪುರದ ಮಾರ್ಗವಾಗಿ ಸುಮಾರು 45 ಕಿ.ಮೀ. ಸಾಗಿದರೆ ಕಾವೇರಿಯ ಎಡದಂಡೆಯ ಮೇಲೆ ತಲಕಾಡು ಸಿಗುತ್ತದೆ. ಸುತ್ತ ನಾಲೆಯ ನೀರು ಹರಿಯುವ ಭತ್ತದ ಗದ್ದೆಗಳು. ಊರು ನೋಡಿದರೆ ನಮ್ಮ ಬಯಲುಸೀಮೆಯ ಯಾವುದೇ ಹೋಬಳಿ ಕೇಂದ್ರದಂತೆಯೇ ಇದೆ. ಆದರೆ ವೈದ್ಯೇಶ್ವರ ದೇವಸ್ಥಾನವನ್ನು ದಾಟಿ ಮುಂದೆ ಹೆಜ್ಜೆಯಿಟ್ಟರೆ ಕಾಲು ಮರಳಿನಲ್ಲಿ ಹೂತುಹೋಗುತ್ತದೆ. ಸಮುದ್ರ ನೂರಾರು ಕಿಲೋಮೀಟರ್ ದೂರ, ಮರುಭೂಮಿ ಇನ್ನೂ ದೂರ. ಹಾಗಿದ್ದೂ ಕಣ್ಣೆದುರಿಗೆ ಮರಳಿನ ಗುಡ್ಡ. ಅದರ ಹೊಟ್ಟೆಯೊಳಗೆ ಒಂದು ರಾಜಧಾನಿ!

ಹೌದು, ರಾಜಧಾನಿಯೇ. ತಾಳ ಮತ್ತು ಕಾಡ ಎಂಬ ಇಬ್ಬರು ಬೇಡರಿಂದ ಊರಿಗೆ ಈ ಹೆಸರು ಬಂತೆಂದು ಸ್ಥಳೀಯರು ಹೇಳುತ್ತಾರೆ. ಶಾಸನಗಳಲ್ಲಿ ಇದು ತಲವನಪುರ. ಕೋಲಾರದಿಂದ ಆಳುತ್ತಿದ್ದ ಗಂಗರು ತಮ್ಮ ರಾಜಧಾನಿಯನ್ನು ಇಲ್ಲಿಗೆ ತಂದರು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ಇದನ್ನು ಹಿಡಿದು ರಾಜರಾಜಪುರ ಎಂದು ಕರೆದರು. ಹೊಯ್ಸಳ ವಿಷ್ಣುವರ್ಧನ 1116-17ರ ಸುಮಾರಿಗೆ ಚೋಳರನ್ನು ಹೊರದೂಡಿ, ಗೆಲುವಿನ ಗುರುತಾಗಿ ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದ. ‘ತಲಕಾಡುಗೊಂಡ’ ಎಂಬ ಬಿರುದನ್ನು ತನ್ನ ಚಿನ್ನದ ನಾಣ್ಯಗಳ ಮೇಲೂ ಅಚ್ಚೊತ್ತಿಸಿದನೆಂದರೆ, ಈ ಊರಿನ ಬೆಲೆ ಅಂದು ಎಷ್ಟಿದ್ದೀತು ಎಂದು ನೀವೇ ಊಹಿಸಿ.

ಮುಂದಿನ ಕಥೆಯನ್ನು ಮೈಸೂರು ಸೀಮೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಪತ್ನಿ ಅಲಮೇಲಮ್ಮ ತನ್ನ ಒಡವೆಗಳನ್ನು ಒಪ್ಪಿಸಲು ಒಲ್ಲದೆ, ಮಾಲಂಗಿಯ ಬಳಿ ಕಾವೇರಿಗೆ ಹಾರಿದಳು. ಹಾರುವ ಮುನ್ನ ತಲಕಾಡಿಗೆ ಮರಳನ್ನೂ, ಮಾಲಂಗಿಗೆ ಮಡುವನ್ನೂ, ಮೈಸೂರು ಅರಸರಿಗೆ ಸಂತಾನಹೀನತೆಯನ್ನೂ ಶಪಿಸಿದಳೆಂಬುದು ಐತಿಹ್ಯ. ಮೂರನೆಯ ಮಾತನ್ನು ಇಲ್ಲಿಗೇ ಬಿಡೋಣ. ಇತಿಹಾಸ ಅದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. 1894ರಲ್ಲಿ ಪಟ್ಟಕ್ಕೆ ಬಂದ ನಾಲ್ವಡಿ ಕೃಷ್ಣರಾಜ ಒಡೆಯರು ಚಾಮರಾಜೇಂದ್ರ ಒಡೆಯರ ಸ್ವಂತ ಮಗನೇ. ನಮ್ಮ ಆಸಕ್ತಿ ಮೊದಲಿನ ಎರಡರಲ್ಲಿ. ಏಕೆಂದರೆ ಮರಳು ನಿಜ, ಮಡುವೂ ನಿಜ. ಅವೆರಡೂ ಎದುರುಬದುರಿನ ದಡಗಳಲ್ಲಿಯೇ ಏಕಿವೆ?

ಉತ್ತರದ ಸುಳಿವು ಪಕ್ಕದ ಬೆಟ್ಟದ ಹೆಸರಿನಲ್ಲಿಯೇ ಇದೆ. ಪಂಚಲಿಂಗಗಳಲ್ಲಿ ಒಂದಾದ ಮಲ್ಲಿಕಾರ್ಜುನ ನೆಲೆಸಿರುವ, ದನಗಳ ಜಾತ್ರೆಗೆ ಹೆಸರಾದ ಆ ಬೆಟ್ಟ ಮುಡುಕುತೊರೆ. ಮುಡುಕು ಎಂದರೆ ತಿರುವು, ತೊರೆ ಎಂದರೆ ಹೊಳೆ. ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡು ಪೂರ್ವಕ್ಕೆ ಬರುವ ಕಾವೇರಿ ಇಲ್ಲಿ ದಿಕ್ಕು ಬದಲಿಸಿ, ಶಿವನಸಮುದ್ರದ ಕಡೆಗೆ ಬಾಗುತ್ತದೆ. ಹೆಸರಿಟ್ಟ ನಮ್ಮ ಹಿರಿಯರು ಭೂಗೋಳವನ್ನು ಚೆನ್ನಾಗಿಯೇ ಗಮನಿಸಿದ್ದರು.

ನದಿ ತಿರುಗುವಾಗ ಹೊರಬದಿಯ ನೀರು ರಭಸವಾಗಿ ದಡಕ್ಕೆ ಬಡಿದು ತಳವನ್ನು ಕೊರೆಯುತ್ತದೆ. ಒಳಬದಿಯಲ್ಲಿ ನೀರು ನಿಧಾನ. ನಿಧಾನವಾದ ನೀರಿಗೆ ಹೊರೆ ಹೊರುವ ಶಕ್ತಿ ಕಡಿಮೆ. ತಂದ ಮರಳನ್ನು ಅಲ್ಲಿಯೇ ಇಳಿಸಿಬಿಡುತ್ತದೆ. ತಲಕಾಡು ಇರುವುದು ತಿರುವಿನ ಒಳಬದಿಯಲ್ಲಿ, ಮಾಲಂಗಿ ಅದರ ಎದುರಿಗೆ. ಶಾಪದ ಎರಡು ಮಾತುಗಳು ಒಂದೇ ತಿರುವಿನ ಎರಡು ಮುಖಗಳು ಎಂದಾಯಿತು.

ಇಷ್ಟಕ್ಕೇ ಸಮಾಧಾನಪಟ್ಟುಕೊಂಡರೆ ನಾವು ವಿಜ್ಞಾನದ ಅರ್ಧ ದಾರಿಯಲ್ಲಿ ನಿಂತಂತೆ. ನದಿ ಇಳಿಸಿದ ಮರಳು ನದಿಯಲ್ಲಿರಬೇಕು. ಅದು ದಡ ಹತ್ತಿ ದೇವಾಲಯದ ಮಾಳಿಗೆ ಏರಿದ್ದು ಹೇಗೆ? ಇದು ಗಾಳಿಯ ಕೆಲಸ. ಬೇಸಿಗೆಯಲ್ಲಿ ಹೊಳೆ ಸೊರಗಿ ಮರಳಿನ ಹಾಸು ಬಯಲಾಗುತ್ತದೆ, ಒಣಗುತ್ತದೆ. ಆಮೇಲೆ ನೈರುತ್ಯ ಮಾರುತ ಬೀಸುತ್ತದೆ, ಹೊಳೆಯ ಕಡೆಯಿಂದ ಊರಿನ ಕಡೆಗೆ! ಮರಳಿನ ಕಣ ಧೂಳಿನಂತೆ ಆಕಾಶಕ್ಕೇರುವುದಿಲ್ಲ. ನೆಲದಿಂದ ಸ್ವಲ್ಪ ಎತ್ತರಕ್ಕೆ ನೆಗೆದು, ಬಿದ್ದು, ಬಿದ್ದ ಜಾಗದಲ್ಲಿ ಇನ್ನಷ್ಟು ಕಣಗಳನ್ನು ಎಬ್ಬಿಸುತ್ತ ಕುಪ್ಪಳಿಸಿಕೊಂಡು ಸಾಗುತ್ತದೆ. (ಕ್ಯಾಮೆರಾ ಹಿಡಿದು ನೆಲಮಟ್ಟದಲ್ಲಿ ಕುಳಿತವರಿಗೆ ಇದು ಚೆನ್ನಾಗಿ ಗೊತ್ತು.) ಗೋಡೆಯೋ ಗಿಡವೋ ಅಡ್ಡ ಸಿಕ್ಕಿದರೆ ಅದರ ಮರೆಯಲ್ಲಿ ರಾಶಿ ಬೀಳುತ್ತದೆ. ಗಾಳಿಯ ಕಡೆ ಇಳಿಜಾರು, ಮರೆಯ ಕಡೆ ಕಡಿದು. ಹಿಂದಿನ ಮರಳು ಮುಂದಕ್ಕೆ ಜಾರುತ್ತ ದಿಬ್ಬವೇ ನಡೆಯತೊಡಗುತ್ತದೆ.

ಎಷ್ಟು ವೇಗದಲ್ಲಿ? ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ವರ್ಷಕ್ಕೆ 9-10 ಅಡಿಯಷ್ಟು ಎಂದು ಬರೆದಿದ್ದಾರೆ. ಮೂರು ಮೀಟರ್ ಎಂದಿಟ್ಟುಕೊಳ್ಳಿ: ಹತ್ತು ವರ್ಷಕ್ಕೆ ಒಂದು ಬೀದಿ ಹೋಯಿತು. ಜನರು ಮನೆಗಳನ್ನು ಬಿಟ್ಟು ಹಿಂದೆ ಹಿಂದೆ ಸರಿದು ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಮರಳಿನ ಕೆಳಗೆ ಮೂವತ್ತಕ್ಕೂ ಹೆಚ್ಚು ದೇವಾಲಯಗಳಿವೆ ಎಂಬ ಮಾತನ್ನೂ ಅವರು ದಾಖಲಿಸಿದ್ದಾರೆ. ಹಾಗೆಂದು ಊರು ಹಾಳುಬೀಳಲಿಲ್ಲ. ಗದ್ದೆಗಳು ಅನ್ನ ಕೊಡುತ್ತಿದ್ದುದರಿಂದ ಜನ ಬಿಟ್ಟು ಹೋಗಲಿಲ್ಲ.

ಈಗ ಒಂದು ಗಟ್ಟಿ ಪ್ರಶ್ನೆ. ಅದೇ ತಿರುವು, ಅದೇ ಗಾಳಿ ಗಂಗರ ಕಾಲದಲ್ಲೂ ಇದ್ದವಲ್ಲ? ಶತಮಾನಗಳ ಕಾಲ ರಾಜಧಾನಿಯಾಗಿ ಬಾಳಿದ ಊರು ಆಗೇಕೆ ಹೂತುಹೋಗಲಿಲ್ಲ? ಅಂದ ಮೇಲೆ ನಡುವೆ ಏನೋ ಬದಲಾಗಿರಬೇಕು. ವಿಜ್ಞಾನಿ ಹಾಗೂ ಲೇಖಕ ಕೆ.ಎನ್. ಗಣೇಶಯ್ಯ ಅವರು ಬೊಟ್ಟು ಮಾಡುವುದು ಮಾಧವಮಂತ್ರಿ ಕಟ್ಟೆಯ ಕಡೆಗೆ. ವಿಜಯನಗರದ ಮಾಧವಮಂತ್ರಿ ಹದಿನಾಲ್ಕನೆಯ ಶತಮಾನದಲ್ಲಿ ತಲಕಾಡಿನ ಮೇಲ್ಭಾಗದಲ್ಲಿ ಕಾವೇರಿಗೆ ಕಟ್ಟಿಸಿದ ಅಣೆಕಟ್ಟೆ ಅದು. ಅದು ನೀರನ್ನು ತಡೆದು ನಾಲೆಗೆ ತಿರುಗಿಸಿತು. ಕೆಳಗಿನ ಪಾತ್ರದಲ್ಲಿ ಹರಿವು ತಗ್ಗಿ ಮರಳು ಬಯಲಾಯಿತು. ಗಾಳಿಗೆ ಸರಕು ಸಿಕ್ಕಿತು ಎಂಬುದು ವಾದ. ಇದು ಊಹೆಯೇ ಸರಿ. ಆದರೆ ಮರಳಿನ ಪದರಗಳನ್ನು ಅಗೆದು ಪರೀಕ್ಷಿಸಿ ನೋಡಬಹುದಾದ ಊಹೆ. ಗಮನಿಸಿ: ಗದ್ದೆಗೆ ನೀರು ಕೊಟ್ಟು ಊರನ್ನು ಉಳಿಸಿದ ಕಟ್ಟೆಯೇ ಊರಿನ ಮೇಲೆ ಮರಳು ತಂದಿದ್ದರೆ, ಅದರ ದೋಷ ಯಾರದು? ನಾನಂತೂ ಮಾಧವಮಂತ್ರಿಯನ್ನು ದೂರಲಾರೆ.

ಇಂಥ ಕಥೆ ನಮ್ಮದೊಂದೇ ಅಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಕಡಲತೀರದಲ್ಲಿ ಕೆನ್‌ಫಿಗ್ ಎಂಬ ಊರಿತ್ತು. ಕೋಟೆಯಿದ್ದ ಆ ಪಟ್ಟಣವನ್ನು ಕಡಲ ಗಾಳಿ ತಂದ ಮರಳು ಕ್ರಮೇಣ ನುಂಗಿ, ಹದಿನೈದನೆಯ ಶತಮಾನದ ಹೊತ್ತಿಗೆ ಜನ ಜಾಗ ಖಾಲಿ ಮಾಡಿದರು. ಈಗ ಕೋಟೆಯ ಮೋಟುಗೋಡೆಗಳಷ್ಟೇ ಮರಳಿನಿಂದ ತಲೆಯೆತ್ತಿವೆ. ಪಕ್ಕದ ಕೊಳದ ತಳದಲ್ಲಿ ಒಂದು ನಗರ ಮುಳುಗಿದೆ, ಅದರ ಗಂಟೆಯ ಸದ್ದು ಕೇಳಿಸುತ್ತದೆ ಎಂದು ಅಲ್ಲಿನವರೂ ಹೇಳುತ್ತಾರೆ. ಮರಳು, ಅದರ ಪಕ್ಕದಲ್ಲೊಂದು ಮಡು!

ತಲಕಾಡಿನಲ್ಲಿ ದಿಬ್ಬಗಳ ನಡಿಗೆಗೆ ಕಡಿವಾಣ ಹಾಕಿದ್ದು ಮರಗಳು. ದಿಬ್ಬದ ಮೇಲೆ ನೆಟ್ಟ ಗಾಳಿಮರ, ನೀಲಗಿರಿಗಳ ಬೇರು ಮರಳನ್ನು ಹಿಡಿದಿದೆ, ಕೊಂಬೆ ಗಾಳಿಯ ವೇಗವನ್ನು ಮುರಿದಿದೆ. ನೀಲಗಿರಿಯ ಬಗ್ಗೆ ಬೇರೆ ತಕರಾರುಗಳಿವೆ, ಅವು ಸುಳ್ಳಲ್ಲ. ಆದರೆ ಇಲ್ಲಿ ಅದನ್ನು ಕಡಿಯುವ ಮೊದಲು ಬದಲಿಗೆ ಇನ್ನೊಂದು ಮರ ಬೇರೂರಿರಬೇಕು. 1992-93ರಿಂದ ರಾಜ್ಯ ಪುರಾತತ್ವ ಇಲಾಖೆ ಇಲ್ಲಿ ಉತ್ಖನನ ನಡೆಸಿದೆ. ಪಾತಾಳೇಶ್ವರ, ಮರುಳೇಶ್ವರ ಗುಡಿಗಳಿಗೆ ಇಂದಿಗೂ ಮರಳಿನ ಮಟ್ಟದಿಂದ ಕೆಳಗಿಳಿದೇ ಹೋಗಬೇಕು. ಕಾರ್ತೀಕದ ಸೋಮವಾರ ವಿಶೇಷ ಯೋಗ ಕೂಡಿದಾಗ ನಡೆಯುವ ಪಂಚಲಿಂಗ ದರ್ಶನ 2013ರಲ್ಲಿಯೂ 2020ರಲ್ಲಿಯೂ ಜರುಗಿತು.

ಕೊನೆಯದಾಗಿ, ಪ್ರವಾಸ ಹೊರಡುವ ವಿದ್ಯಾರ್ಥಿಗಳಿಗೆ ಒಂದು ಮಾತು. ತಲಕಾಡಿನ ದಡದಲ್ಲಿ ಹೊಳೆ ಮೊಣಕಾಲುದ್ದ, ತಳ ಮೆತ್ತನೆಯ ಮರಳು. ಯಾರಿಗಾದರೂ ಇಳಿಯುವ ಆಸೆಯಾಗುತ್ತದೆ. ಆದರೆ ತಿರುವಿನ ಹೊರಬದಿಯ ಕಡೆಗೆ ಸಾಗುತ್ತ ತಳ ತಗ್ಗಾಗುತ್ತದೆ ಎಂಬುದನ್ನು ಈಗಷ್ಟೇ ಓದಿದ್ದೀರಿ. ಮೇಲೆ ಕನ್ನಂಬಾಡಿ ಮತ್ತು ಕಬಿನಿ ಜಲಾಶಯಗಳಿವೆ. ಅಲ್ಲಿ ಬಾಗಿಲು ತೆರೆದರೆ, ಇಲ್ಲಿ ಮಳೆಯಿಲ್ಲದ ದಿನವೂ ನೀರು ಏರುತ್ತದೆ. ನಗುನಗುತ್ತ ನೀರಿಗಿಳಿದ ನಿಮ್ಮ ವಯಸ್ಸಿನವರು ಹಿಂದಿರುಗದ ಸುದ್ದಿಯನ್ನು ಈ ಊರು ಮತ್ತೆ ಮತ್ತೆ ಕೇಳಿದೆ. ಸ್ನಾನ ಮಾಡುವುದಾದರೆ ದಡದ ಅಂಚಿನಲ್ಲೇ ಮಾಡಿ. ಎಲ್ಲಿಯವರೆಗೆ ಇಳಿಯಬಹುದೆಂದು ತೆಪ್ಪದವರನ್ನು ಕೇಳಿ, ಅವರಿಗೆ ಮಡು ಎಲ್ಲಿದೆಯೆಂದು ಗೊತ್ತು.